ಆರುನೂರ ನಲವತ್ತು

ತೊಂಬತ್ತೆರಡರ ಮಾರ್ಚ್. ಬೋರಾ ಬಜಾರಿನ ಎರಡನೇ ಮಾಳಿಗೆ.
ವರ್ಷದ ಲೆಕ್ಕ ಮುಗಿಯಬೇಕು. ಪರದೆಯ ಮೇಲೆ
ಹಸಿರು ಅಕ್ಷರದಲ್ಲಿ ಒಂದೇ ಸಾಲು, ಇಂಗ್ಲಿಷಿನಲ್ಲಿ:
ನೆನಪು ಸಾಲದು.
ನನಗೂ ಸಾಲದು, ಅಂದೆ ಗಟ್ಟಿಯಾಗಿ.
ಕ್ಯಾಷಿಯರ್ ಬಂಗೇರರು ನೋಟು ಎಣಿಸುವುದು ತಪ್ಪಿಸಿಕೊಂಡರು.

ಆರುನೂರ ನಲವತ್ತು ಕೆ. ಬಿಡಿಸಿ ಬರೆದರೆ
ಆರು ಲಕ್ಷ ಐವತ್ತೈದು ಸಾವಿರದ ಮುನ್ನೂರ ಅರವತ್ತು.
ರೂಪಾಯಿ ಆಗಿದ್ದರೆ ಡೊಂಬಿವಲಿಯಲ್ಲಿ ಎರಡು ಮನೆ.
ಬರೀ ಬೈಟುಗಳಾದ್ದರಿಂದ
ನಮ್ಮ ಉಳಿತಾಯ ಸಂಘಕ್ಕೆ ಕಾಲು ಚಾಚಲೂ ಆಗದು.
ಅದರ ಮೇಲೂ ಜಾಗ ಇತ್ತಂತೆ,
ಪರದೆಗೆ, ಇನ್ನು ಯಾವುದಕ್ಕೋ ಮೀಸಲಂತೆ.
ಬೀಗ ಹಾಕಿದ ಫ್ಲಾಟುಗಳ ಕೆಳಗೆ
ಮೆಟ್ಟಿಲಲ್ಲಿ ಮಲಗುವ ಊರಲ್ಲಿ
ಇದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ತಕರಾರು ಶುರುವಾದದ್ದು ತನಿಯನಿಂದ.
ಪ್ರಿನ್ಸೆಸ್ ಸ್ಟ್ರೀಟಿನ ಹೋಟೆಲಲ್ಲಿ ದೋಸೆ ಕಾವಲಿಗೆ ನಿಲ್ಲುವವ,
ನಲವತ್ತರ ಮೇಲೆ ರಾತ್ರಿ ಶಾಲೆಗೆ ಹೋಗಿ
ಹೆಸರಷ್ಟು ಕನ್ನಡ ಕಲಿತವ.
ಪಾಸ್‌ಬುಕ್ಕಿನ ಮೇಲೆ ಯಂತ್ರ ಬರೆದದ್ದು ಟಾನಿಯಾ.
ಗಲ್ಲೆಯಲ್ಲಿ ಕೂತ ಹುಡುಗ ಅದನ್ನು ಓದಿ
‘ಮೇಡಂ, ಎರಡು ಮಸಾಲೆ’ ಅಂತ ಕೂಗಿದನಂತೆ,
ಆ ವಾರವೆಲ್ಲ.

ಕನ್ನಡ ಇತ್ತು. ಒಂದು ಫ್ಲಾಪಿಯಲ್ಲಿ, ಪುಣೆಯಿಂದ ಯಾರೋ ತಂದದ್ದು.
ಆದರೆ ಅದು ಒಮ್ಮೆ ಒಳಗೆ ಬಂತೆಂದರೆ
ಎಪ್ಪತ್ತನಾಲ್ಕು ಕೆ ಹಿಡಿದು ಕೂರುತ್ತಿತ್ತು,
ಕೆಲಸ ಇರಲಿ ಬಿಡಲಿ, ಪಗಡಿಯ ಬಾಡಿಗೆದಾರನ ಹಾಗೆ.
ಲೆಡ್ಜರಿಗೆ ಬೇಕು ಐನೂರ ಅರವತ್ತು.
ಕನ್ನಡ ಕೂತ ಮೇಲೆ ಉಳಿಯುವುದು ಐನೂರ ಹದಿನಾಲ್ಕು.

ಕೇಕಿ ದುಭಾಷ್ ಬಂದರು, ಲ್ಯಾಮಿಂಗ್ಟನ್ ರಸ್ತೆಯಿಂದ,
ಗಂಟೆಗೆ ನೂರು ರೂಪಾಯಿ, ಚಹಾ ಬೇರೆ.
ತೆರೆಯ ಮೇಲಿನ ಅಕ್ಷರ ನೋಡಿ ಕೇಳಿದರು,
‘ಇದರ ಕೆಳಗೆ ಏನು ನೇತಾಡ್ತಾ ಇದೆ?’
ಒತ್ತು, ಅಂದೆ. ಇದ್ದರೆ ಅಮ್ಮ, ಇಲ್ಲದಿದ್ದರೆ ಅಮ.
‘ಅಂದರೆ ನಿಮ್ಮ ಭಾಷೆಯಲ್ಲೂ
ನೆಲಮಾಳಿಗೆಯಲ್ಲಿ ಒಬ್ಬ ಇರ್ತಾನೆ’ ಅಂದು
ಕನ್ನಡಕ ಒರೆಸಿಕೊಂಡರು.

ಆಮೇಲೆ ಶುರು. ಆರಂಭದ ಫೈಲು ತೆಗೆದು
ಒಂದೊಂದೇ ಸಾಲನ್ನು ಹೊರಗೆ ಹಾಕಿದರು.
ಮೌಸಿನ ಸಾಲು: ನಮ್ಮಲ್ಲಿ ಮೌಸೇ ಇರಲಿಲ್ಲ,
ಕಡತದ ಕಪಾಟಿನಲ್ಲಿ ನಿಜದ್ದು ಎರಡು ಇದ್ದವು.
ಡಾಸನ್ನೇ ಎತ್ತಿ ಅಟ್ಟಕ್ಕೆ ಏರಿಸಿದರು.
ಯಂತ್ರ ಆರಿತು, ಹತ್ತಿತು, ಆರಿತು,
ಹನ್ನೊಂದು ಸಲ.
ಐನೂರ ಐವತ್ತೊಂಬತ್ತು.
ಒಂದು ಕೆ ಕಮ್ಮಿ.
ಅವರು ಪರದೆಗೆ ಪಾರ್ಸಿಯಲ್ಲಿ ಏನೋ ಅಂದರು.
ನನಗೆ ಅರ್ಥವಾಗಲಿಲ್ಲ, ಬಂಗೇರರಿಗೆ ಆಯಿತು.

ತನಿಯ ಬಾಗಿಲಲ್ಲೇ ನಿಂತಿದ್ದ, ಎರಡು ಗಂಟೆಯ ಬಿಡುವಿನಲ್ಲಿ.
ಜಾಗ ಇಲ್ಲ ಮಾರಾಯ, ಅಂದೆ.
‘ಇಬ್ಬರೂ ಒಟ್ಟಿಗೇ ಮಲಗಬೇಕಾ?’ ಅಂತ ಕೇಳಿದ.
‘ನಮ್ಮ ಖೋಲಿಯಲ್ಲಿ ಹದಿನೆಂಟು ಜನ, ಒಂಬತ್ತು ಚಾಪೆ.
ಪಾಳಿ ಮಾಡಿ ಅಕ್ಕ.’

ದುಭಾಷರು ಆ ಗಂಟೆಯ ದುಡ್ಡು ಬೇಡ ಅಂದರು.

ಹಾಗಾಗಿ ಶನಿವಾರ, ಶಟರ್ ಅರ್ಧ ಎಳೆದ ಮೇಲೆ,
ಲೆಡ್ಜರ್ ಎಬ್ಬಿಸಿ ಕಳಿಸಿ, ಕನ್ನಡವನ್ನು ಕರೆದೆ.
ಹೆಸರುಗಳನ್ನು ಕೈಯಾರೆ ಹೊಡೆದೆ, ಇಂಗ್ಲಿಷಿನವರು
ಕಳೆದ ಳ, ಣ, ಅಲ್ಪಪ್ರಾಣ, ಮಹಾಪ್ರಾಣ
ಒಂದೊಂದಾಗಿ ಹಿಂದಿರುಗಿಸಿ.
ಪ್ರಿಂಟರ್ ಹಲ್ಲು ಕಡಿಯುತ್ತ ಮುದ್ರಿಸಿತು.
ಸಾಲಿನ ಅಂತರ ತಪ್ಪಿ ಒತ್ತುಗಳು ಅರ್ಧ ಕತ್ತರಿಸಿದವು,
ಮೊದಲ ನೂರು ಚೀಟಿ ಕಸಕ್ಕೆ.
ಸೋಮವಾರ ಹತ್ತಕ್ಕೆ ಮತ್ತೆ ಲೆಡ್ಜರ್.
ಕನ್ನಡದ ಸುಳಿವೇ ಇಲ್ಲ.

ತನಿಯನ ಹೆಸರಿಗೆ ಒತ್ತಿಲ್ಲ, ದೀರ್ಘವಿಲ್ಲ.
ಬಂಗೇರರು ಚೀಟಿ ತಿರುಗಿಸಿ ನೋಡಿ,
‘ಮೂರಕ್ಷರಕ್ಕೆ ಎಪ್ಪತ್ತನಾಲ್ಕು ಕೆ?’
ತನಿಯ ಅದರ ಮೇಲೆ ಬೆರಳಿಟ್ಟು ಓದಿದ,
ನಿಧಾನ, ತ, ನಿ, ಯ.
ಪಾಸ್‌ಬುಕ್ಕಿಗೆ ಒಂದು ಅಂಟಿಸಿದ ಮೇಲೆ
ಇನ್ನೊಂದು ಬೇಕು ಅಂದ, ಪೆಟ್ಟಿಗೆಯ ಮುಚ್ಚಳಕ್ಕೆ.
ಖೋಲಿಯಲ್ಲಿ ಪೆಟ್ಟಿಗೆಗಳು ಅದಲುಬದಲಾಗುತ್ತವಂತೆ.
ಮುಂದಿನ ಶನಿವಾರ ಬಾ, ಅಂದೆ.